ಹೊಗಳಿದರೆ ಏನೆನ್ನಬೇಕು? ಸೇಡಂ ರಸ್ತೆಯ ‘ನಂದೇನದರೀ’ಯಿಂದ ಚೀನಾದ ‘ನಾಲಿ ನಾಲಿ’ಯವರೆಗೆ

ಕಲಬುರಗಿ: ನಗರದ ಸೇಡಂ ರಸ್ತೆಯಲ್ಲಿ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಗುಲಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮತ್ತು ಇಎಸ್‌ಐ ವೈದ್ಯಕೀಯ ಕಾಲೇಜು ಇದೇ ರಸ್ತೆಯಲ್ಲಿವೆ. ಅಫಜಲಪುರ, ಚಿಂಚೋಳಿ, ಯಾದಗಿರಿ ಕಡೆಗಳಿಂದ ಬಂದ ರೋಗಿಗಳ ಬಂಧುಗಳು ಗುಣಮುಖನಾದ ಹಿರಿಯನನ್ನು ಮನೆಗೆ ಕರೆದೊಯ್ಯುವ ಹೊತ್ತಿನಲ್ಲಿ ವೈದ್ಯರ ಮುಂದೆ ನಿಂತು, ‘ಸಾಹೇಬ್ರ, ನಮ್ಮಪ್ಪನ ಜೀವ ಉಳಸೀರಿ’ ಎನ್ನುವುದು ಸಾಮಾನ್ಯ. ಅಷ್ಟೇ ಸಾಮಾನ್ಯವಾದುದು ಅದಕ್ಕೆ ಬರುವ ಉತ್ತರ: ‘ನಂದೇನದರೀ, ಎಲ್ಲಾ ಮ್ಯಾಲಿನಾಂವಂದು.’

ರಾತ್ರಿಯಿಡೀ ಶಸ್ತ್ರಚಿಕಿತ್ಸೆ ನಡೆಸಿದವರು ‘ನನ್ನದೇನೂ ಇಲ್ಲ’ ಎನ್ನುತ್ತಾರೆ. ಕೇಳಿದವರು ಅದನ್ನು ನಂಬುವುದಿಲ್ಲ. ಹೇಳಿದವರೂ ಅದನ್ನು ನಂಬಲೆಂದು ಹೇಳಿರುವುದಿಲ್ಲ. ಆದರೂ ಆ ಮಾತು ಆಡದಿದ್ದರೆ ಏನೋ ಕೊರತೆಯಾದಂತೆ ಇಬ್ಬರಿಗೂ ಅನಿಸುತ್ತದೆ. ಹೊಗಳಿಕೆಗೆ ವಿನಯದ ಉತ್ತರ ನೀಡುವ ಈ ಪದ್ಧತಿ ಕನ್ನಡ ನಾಡಿನಲ್ಲಿ ಎಷ್ಟು ಹಳೆಯದು, ಇದರ ಹಿಂದಿನ ತರ್ಕವೇನು, ಇಂದು ಇದು ಎಲ್ಲಿ ಅಡ್ಡಿಯಾಗುತ್ತಿದೆ ಎಂಬುದರ ಪರಿಚಯ ಇಲ್ಲಿದೆ.

ಎರಡು ಕಟ್ಟುಪಾಡುಗಳ ನಡುವೆ

ಹೊಗಳಿಸಿಕೊಂಡವರ ಸಂಕಟವನ್ನು ಭಾಷಾ ಸಂಶೋಧಕಿ ಅನಿತಾ ಪೊಮರಾಂಟ್ಜ್ 1978ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಸ್ಪಷ್ಟವಾಗಿ ವಿವರಿಸಿದ್ದಾರೆ. ಎದುರಿನವರ ಮಾತನ್ನು ಒಪ್ಪಬೇಕು ಎಂಬುದು ಸಂಭಾಷಣೆಯ ಒಂದು ಕಟ್ಟುಪಾಡು. ತನ್ನನ್ನು ತಾನು ಹೊಗಳಿಕೊಳ್ಳಬಾರದು ಎಂಬುದು ಇನ್ನೊಂದು. ಹೊಗಳಿಕೆ ಬಂದಾಗ ಇವೆರಡೂ ಎದುರುಬದುರಾಗಿ ನಿಲ್ಲುತ್ತವೆ. ಒಪ್ಪಿಕೊಂಡರೆ ಆತ್ಮಪ್ರಶಂಸೆ, ಅಲ್ಲಗಳೆದರೆ ಎದುರಿನವರ ಮಾತಿಗೆ ಅಗೌರವ. ಜಗತ್ತಿನ ಬೇರೆ ಬೇರೆ ಸಮಾಜಗಳು ಈ ಇಕ್ಕಟ್ಟಿನಿಂದ ಪಾರಾಗಲು ಬೇರೆ ಬೇರೆ ದಾರಿ ಹುಡುಕಿಕೊಂಡಿವೆ.

ಬ್ರಿಟಿಷ್ ಭಾಷಾವಿಜ್ಞಾನಿ ಜೆಫ್ರಿ ಲೀಚ್ 1983ರಲ್ಲಿ ಸೌಜನ್ಯದ ಸೂತ್ರಗಳನ್ನು ಪಟ್ಟಿ ಮಾಡಿದಾಗ ಅದರಲ್ಲಿ ವಿನಯದ ಸೂತ್ರಕ್ಕೂ ಸ್ಥಾನ ಕೊಟ್ಟರು. ತನ್ನ ಹೊಗಳಿಕೆಯನ್ನು ಆದಷ್ಟು ತಗ್ಗಿಸಿಕೊಳ್ಳಬೇಕು ಎಂಬುದು ಅದರ ಸಾರ. ಸೂತ್ರ ಎಲ್ಲೆಡೆ ಇದ್ದರೂ ಅದರ ತೂಕ ಎಲ್ಲೆಡೆ ಒಂದೇ ಅಲ್ಲ. ಇಂಗ್ಲಿಷ್ ಮಾತನಾಡುವ ಸಮಾಜಗಳಲ್ಲಿ ‘ಥ್ಯಾಂಕ್ಯೂ’ ಎಂದು ಹೇಳಿ ಮಾತು ಮುಗಿಸುವುದನ್ನೇ ಮಕ್ಕಳಿಗೆ ಕಲಿಸುತ್ತಾರೆ. ಪೂರ್ವದ ಅನೇಕ ಸಮಾಜಗಳಲ್ಲಿ ಅಷ್ಟಕ್ಕೇ ನಿಲ್ಲಿಸಿದವರನ್ನು ಜಂಬದವರು ಎಂದು ಎಣಿಸುವ ಸಾಧ್ಯತೆ ಇದೆ.

ಚೀನಾದ ‘ಎಲ್ಲಿ? ಎಲ್ಲಿ?’

ಈ ವಿಷಯದಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದ ಸಮಾಜಗಳಲ್ಲಿ ಚೀನಾ ಒಂದು. ಅಲ್ಲಿ ಹೊಗಳಿಕೆಗೆ ‘ನಾಲಿ ನಾಲಿ’ ಎಂದು ಉತ್ತರಿಸುವ ರೂಢಿ ಪ್ರಸಿದ್ಧ. ಇದರ ಪದಶಃ ಅರ್ಥ ‘ಎಲ್ಲಿ? ಎಲ್ಲಿ?’ ಎಂದು. ‘ನೀವು ಹೇಳುವ ಆ ಗುಣ ನನ್ನಲ್ಲಿ ಎಲ್ಲಿದೆ?’ ಎಂಬುದು ಭಾವ. ‘ಗುವೋ ಜಿಯಾಂಗ್’ ಎಂದರೆ ‘ಅತಿಯಾಗಿ ಹೊಗಳಿದಿರಿ’ ಎಂದೂ, ‘ಬು ಗಾನ್ ದಾಂಗ್’ ಎಂದರೆ ‘ಅದನ್ನು ಹೊರುವ ಧೈರ್ಯ ನನಗಿಲ್ಲ’ ಎಂದೂ ಅರ್ಥ. ಚೀನೀಯನೊಬ್ಬನ ಹೆಂಡತಿಯನ್ನು ಸುಂದರಿ ಎಂದು ವಿದೇಶಿ ಅತಿಥಿ ಹೊಗಳಿದಾಗ ಆತ ‘ನಾಲಿ ನಾಲಿ’ ಎಂದನಂತೆ; ದುಭಾಷಿ ಅದನ್ನು ‘ಎಲ್ಲಿ? ಎಲ್ಲಿ?’ ಎಂದೇ ಅನುವಾದಿಸಲು, ಗಲಿಬಿಲಿಗೊಂಡ ಅತಿಥಿ ‘ಅಡಿಯಿಂದ ಮುಡಿಯವರೆಗೆ’ ಎಂದು ಉತ್ತರಿಸಿದನೆಂಬ ನಗೆಹನಿ ಚೀನೀ ಭಾಷೆಯ ತರಗತಿಗಳಲ್ಲಿ ಇಂದಿಗೂ ಚಲಾವಣೆಯಲ್ಲಿದೆ.

ತನ್ನನ್ನು ತಗ್ಗಿಸಿಕೊಂಡು ಇತರರನ್ನು ಗೌರವಿಸುವುದೇ ಆಚಾರದ ತಿರುಳು ಎಂಬ ವಿಚಾರ ಪ್ರಾಚೀನ ಚೀನಾದ ‘ಲೀಜಿ’ ಗ್ರಂಥದಲ್ಲಿಯೇ ಇದೆ. ಚೀನೀ ವಿದ್ವಾಂಸ ಗು ಯುಗುವೋ 1990ರಲ್ಲಿ ಆಧುನಿಕ ಚೀನೀ ಸೌಜನ್ಯವನ್ನು ವಿವರಿಸುವಾಗ ಈ ಸ್ವಲಘುತ್ವವನ್ನು ಅದರ ಮುಖ್ಯ ಸೂತ್ರಗಳಲ್ಲಿ ಒಂದೆಂದು ಗುರುತಿಸಿದರು. ಅಲ್ಲಿ ತನ್ನ ಮನೆಯನ್ನು ‘ಹಾನ್‌ಶೆ’, ಅಂದರೆ ‘ಚಳಿಯ ಗುಡಿಸಲು’ ಎಂದು ಕರೆದುಕೊಳ್ಳುವ ಶಿಷ್ಟ ಪ್ರಯೋಗವಿದೆ. ಎದುರಿನವರ ಮನೆಗೆ ಬಳಸುವ ಪದಕ್ಕೆ ‘ಶ್ರೀಮಂತ ಸೌಧ’ದ ಅರ್ಥವಿದೆ.

ಕಲಬುರಗಿಯ ಓದುಗರಿಗೆ ಇದು ಅಪರಿಚಿತವೇನಲ್ಲ. ಇಲ್ಲಿನ ದಖನಿ ಉರ್ದುವಿನಲ್ಲಿ ತನ್ನ ಮನೆ ‘ಗರೀಬ್‌ಖಾನಾ’, ಅತಿಥಿಯ ಮನೆ ‘ದೌಲತ್‌ಖಾನಾ’. ಕನ್ನಡದಲ್ಲಿಯೂ ಮೂರಂತಸ್ತಿನ ಮನೆಯ ಯಜಮಾನರು ‘ಒಮ್ಮೆ ಈ ಬಡವನ ಮನಿಗಿ ಬರ್ರಿ’ ಎಂದೇ ಕರೆಯುತ್ತಾರೆ.

ರಸ್ತೆಯ ಇನ್ನೊಂದು ತುದಿ: ಮಳಖೇಡ

ಇದೇ ಸೇಡಂ ರಸ್ತೆಯಲ್ಲಿ ಪೂರ್ವಕ್ಕೆ ಸಾಗಿದರೆ ಕಾಗಿಣಾ ನದಿಯ ದಂಡೆಯ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ ಇದೇ. ಕ್ರಿ.ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರ ಹೊತ್ತಿಗೆ, ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ರಚನೆಯಾಯಿತು.

ವಿನಯದ ಚರಿತ್ರೆಯಲ್ಲಿ ಈ ಗ್ರಂಥಕ್ಕೆ ಎರಡು ಕಾರಣಗಳಿಗಾಗಿ ಸ್ಥಾನವಿದೆ. ಮೊದಲನೆಯದು ಅದರ ಕರ್ತೃತ್ವ. ಗ್ರಂಥದಲ್ಲಿ ದೊರೆಯ ಹೆಸರು ಮತ್ತು ಸಮ್ಮತಿಯೇ ಮೇಲೆದ್ದು ಕಾಣುತ್ತವೆ. 1898ರಲ್ಲಿ ಕೆ.ಬಿ. ಪಾಠಕ್ ಅವರು ಇದನ್ನು ಸಂಪಾದಿಸಿ ಪ್ರಕಟಿಸಿದ ನಂತರ ಇದರ ಕರ್ತೃ ನೃಪತುಂಗನೇ ಅಥವಾ ಆಸ್ಥಾನಕವಿ ಶ್ರೀವಿಜಯನೇ ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. ಶ್ರೀವಿಜಯನ ಕೃತಿ ಎಂಬುದನ್ನು ಇಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಬರೆದವನು ತನ್ನನ್ನು ದೊರೆಯ ಹೆಸರಿನ ಹಿಂದೆ ನಿಲ್ಲಿಸಿಕೊಂಡದ್ದರ ಫಲವಾಗಿ ಸಾವಿರ ವರ್ಷಗಳ ನಂತರ ಆತನನ್ನು ಹುಡುಕಬೇಕಾಯಿತು.

ಎರಡನೆಯದು ಅದರೊಳಗಿನ ಒಂದು ಹೋಲಿಕೆ. ಕವಿಗೆ ತನ್ನ ದೋಷ ತನಗೆ ಕಾಣುವುದಿಲ್ಲ, ಕಣ್ಣಿಗೆ ತನಗೆ ಹಚ್ಚಿದ ಕಾಡಿಗೆ ಕಾಣದ ಹಾಗೆ ಎಂದು ಕೃತಿಕಾರ ಹೇಳುತ್ತಾನೆ. ಆದ್ದರಿಂದ ಬಲ್ಲವರಿಗೆ ತೋರಿಸಿ ತಿದ್ದಿಸಿಕೊಳ್ಳಬೇಕು ಎಂಬುದು ಇದರಿಂದ ಹೊರಡುವ ಪಾಠ. ಇಲ್ಲಿ ವಿನಯವೆಂದರೆ ಶಿಷ್ಟಾಚಾರದ ಮಾತಷ್ಟೇ ಆಗಿಲ್ಲ. ಕೆಲಸವನ್ನು ಸರಿಪಡಿಸುವ ಉಪಾಯವೂ ಆಗಿದೆ.

ಕಲ್ಯಾಣದ ಹೊನ್ನಶೂಲ

ಹೊಗಳಿಕೆಯ ಅಪಾಯವನ್ನು ಅತ್ಯಂತ ತೀಕ್ಷ್ಣವಾಗಿ ಹೇಳಿದವರು 12ನೇ ಶತಮಾನದ ಬಸವಣ್ಣನವರು. ಅವರ ಕಾರ್ಯಕ್ಷೇತ್ರವಾಗಿದ್ದ ಕಲ್ಯಾಣವು ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ತನ್ನವರೇ ಪ್ರೀತಿಯಿಂದ ಹೊಗಳಿ ಹೊಗಳಿ ತನ್ನನ್ನು ಬಂಗಾರದ ಶೂಲಕ್ಕೇರಿಸಿದ್ದಾರೆ ಎಂದು ಅವರು ಒಂದು ವಚನದಲ್ಲಿ ಮೊರೆಯಿಡುತ್ತಾರೆ. ತನಗೆ ಒಳಿತನ್ನು ಬಯಸುವುದಾದರೆ ಈ ಹೊಗಳಿಕೆಗೆ ತಡೆಯೊಡ್ಡಬೇಕೆಂದು ಕೂಡಲಸಂಗಮದೇವನನ್ನು ಬೇಡುತ್ತಾರೆ. ಶೂಲ ಬಂಗಾರದ್ದಾದರೂ ಚುಚ್ಚುವುದು ತಪ್ಪದು ಎಂಬ ಈ ಚಿತ್ರದಿಂದ ‘ಹೊನ್ನಶೂಲ’ ಎಂಬ ಮಾತು ಕನ್ನಡದ ನುಡಿಗಟ್ಟಾಗಿ ಉಳಿಯಿತು. ಸನ್ಮಾನ ಸಮಾರಂಭಗಳ ಭಾಷಣಗಳಲ್ಲಿ ಇಂದಿಗೂ ಇದು ಕೇಳಿಬರುತ್ತದೆ.

ತನ್ನನ್ನು ಬಣ್ಣಿಸಿಕೊಳ್ಳಬಾರದು, ಇತರರನ್ನು ಹಳಿಯಬಾರದು ಎಂಬುದು ಬಸವಣ್ಣನವರ ಪ್ರಸಿದ್ಧ ಶೀಲಗಳಲ್ಲಿ ಸೇರಿದೆ. ‘ಲೀಜಿ’ಯ ವಿಚಾರಕ್ಕೂ ಇದಕ್ಕೂ ಹೋಲಿಕೆ ಕಂಡರೂ ಒಂದು ಮೂಲಭೂತ ವ್ಯತ್ಯಾಸವಿದೆ. ಕನ್‌ಫ್ಯೂಷಿಯಸ್ ಪರಂಪರೆಯ ವಿನಯ ಸಮಾಜದ ಶ್ರೇಣಿಯನ್ನು ಕಾಪಾಡುವಂಥದು. ಬಸವಣ್ಣನವರದು ಆ ಶ್ರೇಣಿಯನ್ನು ತಲೆಕೆಳಗು ಮಾಡುವಂಥದು. ಬಿಜ್ಜಳನ ಭಂಡಾರಿಯಾಗಿದ್ದವರು, ಬ್ರಾಹ್ಮಣ ಕುಲದಲ್ಲಿ ಹುಟ್ಟಿದವರು, ತನಗಿಂತ ಕಿರಿಯರಿಲ್ಲ ಎಂದು ಹೇಳಿಕೊಂಡರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಅವರೊಂದಿಗೆ ತನ್ನ ಬಂಧುತ್ವ ಸಾರಿದರು. ಬಾಗಬೇಕಾದವನು ಮೇಲೆ ಕುಳಿತವನು ಎಂಬುದು ಅದರ ಸಂದೇಶವಾಗಿತ್ತು.

ದಾಸೋಹ ಮತ್ತು ನವಾಜ್

ಕಲಬುರಗಿಯ ಎರಡು ಪ್ರಮುಖ ಶ್ರದ್ಧಾಕೇಂದ್ರಗಳ ಹೆಸರಿನಲ್ಲಿಯೂ ವಿನಯದ ಪದಗಳಿವೆ. ಶರಣಬಸವೇಶ್ವರ ಸಂಸ್ಥಾನದ ದಾಸೋಹ ನಾಡಿನಾದ್ಯಂತ ಪ್ರಸಿದ್ಧ. ‘ದಾಸೋಹಂ’ ಎಂದರೆ ‘ನಾನು ದಾಸ’. ಅನ್ನ ನೀಡುವವನು ತಾನು ದಾನಿ ಎಂದುಕೊಳ್ಳದೆ ಸೇವಕ ಎಂದುಕೊಳ್ಳಬೇಕು ಎಂಬುದು ಇದರ ಆಶಯ. ಹಾಗಾಗಿ ಪ್ರಸಾದ ಉಂಡವರು ಹೊಗಳಿದರೆ ಬಡಿಸಿದವರು ‘ಅಪ್ಪನ ಪ್ರಸಾದರೀ, ನಮ್ಮದೇನದ?’ ಎನ್ನುವುದು ಸಹಜವಾಗಿದೆ.

1422ರಲ್ಲಿ ನಿಧನರಾದ ಸೂಫಿ ಸಂತ ಸೈಯದ್ ಮುಹಮ್ಮದ್ ಹುಸೈನಿ ಅವರನ್ನು ಜನ ‘ಬಂದೇ ನವಾಜ್’ ಎಂದು ಕರೆದರು. ‘ಬಂದಾ’ ಎಂದರೆ ಸೇವಕ, ‘ನವಾಜ್’ ಎಂದರೆ ಅನುಗ್ರಹಿಸುವವನು. ಇದೇ ‘ನವಾಜ್’ ಹೊಗಳಿಕೆಗೆ ನೀಡುವ ಉರ್ದು ಉತ್ತರದಲ್ಲಿಯೂ ಇದೆ. ಹಾಡಿದವರನ್ನೋ ಕವಿತೆ ಓದಿದವರನ್ನೋ ಮೆಚ್ಚಿದಾಗ ‘ಜರ್ರಾನವಾಜಿ’ ಎಂದು ತಲೆಬಾಗುವುದುಂಟು. ‘ನಾನೊಂದು ಧೂಳಿನ ಕಣ, ಅದರ ಮೇಲೆ ತಾವು ತೋರಿದ ಕೃಪೆ ಇದು’ ಎಂಬುದು ಇದರ ಅರ್ಥ. ಹೊಗಳಿಕೆಯನ್ನು ಇಲ್ಲಿ ಅಲ್ಲಗಳೆಯುವುದಿಲ್ಲ. ಅದರ ಶ್ರೇಯವನ್ನು ಹೊಗಳಿದವರ ಔದಾರ್ಯಕ್ಕೆ ತಿರುಗಿಸಲಾಗುತ್ತದೆ.

ಸಾಮಾನ್ಯ ಉತ್ತರಗಳು, ಅವುಗಳ ಕೆಲಸ

ಕಲಬುರಗಿ ಭಾಗದಲ್ಲಿ ಬಳಕೆಯಲ್ಲಿರುವ ಉತ್ತರಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು:

ಶ್ರೇಯವನ್ನು ಮೇಲಕ್ಕೆ ಒಪ್ಪಿಸುವುದು: ‘ಎಲ್ಲಾ ದೇವರ ದಯಾರೀ’, ‘ಅಪ್ಪನ ಕೃಪಾ’, ‘ಅಲ್ಲಾಹ್ ಕಾ ಕರಮ್’.

ಶ್ರೇಯವನ್ನು ಹಿರಿಯರಿಗೆ ಒಪ್ಪಿಸುವುದು: ‘ನಿಮ್ಮಂಥಾ ದೊಡ್ಡವರ ಆಶೀರ್ವಾದ’. ಹೊಗಳಿದವರನ್ನೇ ಕಾರಣರನ್ನಾಗಿ ಮಾಡುವುದು ಇದರ ವಿಶೇಷ.

ಹೊಗಳಿದ ವಸ್ತುವನ್ನು ಕುಗ್ಗಿಸುವುದು: ಸೀರೆ ಚೆಂದವಿದೆ ಎಂದರೆ ‘ಹಳೀದದರೀ’, ಪುಂಡಿಪಲ್ಯ ರುಚಿಯಾಗಿದೆ ಎಂದರೆ ‘ಖಾರ ಜರಾ ಹೆಚ್ಚಾಗ್ಯಾದ’.

ಮಾತು ತಡೆಯುವುದು: ‘ಏ, ಬಿಡ್ರಿ’, ‘ಸುಮ್ಕಿರ್ರಿ’. ಸಲುಗೆಯವರ ನಡುವೆ ಮಾತ್ರ ಇದು ಸಲ್ಲುತ್ತದೆ.

ಹೊಗಳಿಕೆಯನ್ನು ಮರಳಿಸುವುದು: ‘ನಿಮ್ಮ ಕೈಯಾಗಿನ ರೊಟ್ಟಿ ಮುಂದ ನಮ್ದೇನ್ರೀ’.

ಮಕ್ಕಳ ವಿಷಯದಲ್ಲಿ ಬೇರೊಂದು ಕಾರಣವೂ ಸೇರಿಕೊಳ್ಳುತ್ತದೆ. ಕೂಸು ದುಂಡಗಿದೆ ಎಂದು ಯಾರಾದರೂ ಹೊಗಳಿದರೆ ತಾಯಿ ‘ನಿನ್ನಿಯಿಂದ ಏನೂ ಉಣವಲ್ದು’ ಎನ್ನುತ್ತಾಳೆ. ಇದು ವಿನಯಕ್ಕಿಂತ ನದರಿನ, ಅಂದರೆ ದೃಷ್ಟಿಯ ಭಯ. ಕೆನ್ನೆಗೆ ಕಪ್ಪು ಬೊಟ್ಟು ಇಡುವುದು, ಉಪ್ಪು-ಮೆಣಸಿನಕಾಯಿ ನಿವಾಳಿಸುವುದು ಇದೇ ನಂಬಿಕೆಯ ಮುಂದುವರಿಕೆ. ಮುಸ್ಲಿಂ ಕುಟುಂಬಗಳಲ್ಲಿ ಹೊಗಳುವವರೇ ‘ಮಾಶಾ ಅಲ್ಲಾಹ್’ ಎಂದು ಸೇರಿಸಿ ಆ ಭಯವನ್ನು ನಿವಾರಿಸುತ್ತಾರೆ.

ವಿನಯ ಯಾರ ಪಾಲಿನದು?

ವಿನಯವನ್ನು ಹೊಗಳುವಾಗ ಅದನ್ನು ಯಾರಿಂದ ನಿರೀಕ್ಷಿಸಲಾಗುತ್ತಿತ್ತು ಎಂಬ ಪ್ರಶ್ನೆಯನ್ನು ಬಿಡಲಾಗದು. ಊರ ಗೌಡರ ಮುಂದೆ ಕೈಕಟ್ಟಿ ನಿಂತು ‘ನಾವೇನ್ರೀ ಧಣೀ, ನಿಮ್ಮ ಕಾಲಾಗಿನ ಮಂದಿ’ ಎಂದು ತಲೆಮಾರುಗಳ ಕಾಲ ಹೇಳಬೇಕಾಗಿದ್ದವರ ಮಾತನ್ನು ವಿನಯವೆಂದು ಕರೆಯಲಾಗದು. ಬೇರೆ ಮಾತು ಆಡುವ ಆಯ್ಕೆ ಇದ್ದವನು ಬಾಗಿದರೆ ಅದು ವಿನಯ; ಆಯ್ಕೆ ಇಲ್ಲದವನು ಬಾಗಿದರೆ ಅದು ದೈನ್ಯ. ಹೊರಗಿನಿಂದ ಎರಡೂ ಒಂದೇ ತೆರನಾಗಿ ಕೇಳಿಸುತ್ತವೆ. ಗುಲಬರ್ಗಾ ವಿಶ್ವವಿದ್ಯಾಲಯದ ಸಮೀಪ 2009ರಲ್ಲಿ ಉದ್ಘಾಟನೆಗೊಂಡ ಬುದ್ಧ ವಿಹಾರಕ್ಕೆ ಬರುವ ಅನೇಕ ಕುಟುಂಬಗಳಿಗೆ ಅಂಬೇಡ್ಕರ್ ಅವರು ಕಲಿಸಿದ ಮೊದಲ ಪಾಠ ಸ್ವಾಭಿಮಾನ. ತಲೆ ಎತ್ತಿ ‘ಹೌದು, ಇದು ನನ್ನ ಶ್ರಮ’ ಎನ್ನುವುದು ಅವರ ಪಾಲಿಗೆ ಜಂಬವಲ್ಲ.

ಮಹಿಳೆಯರ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ನಸುಕಿನಲ್ಲಿ ಎದ್ದು ಐವತ್ತು ರೊಟ್ಟಿ ಬಡಿದವಳು ‘ಏನ್ ಮಹಾ ಮಾಡೀನ್ರೀ’ ಎನ್ನುತ್ತಾಳೆ. ಮನೆಯವರು ಆ ಮಾತನ್ನು ಅಕ್ಷರಶಃ ನಂಬಿಬಿಟ್ಟರೆ ಅವಳ ದುಡಿಮೆ ಲೆಕ್ಕದಿಂದಲೇ ಹೊರಗುಳಿಯುತ್ತದೆ. ಹೊಗಳಿಕೆಯನ್ನು ಅಲ್ಲಗಳೆಯುವ ರೂಢಿ ಸರಿಯಾಗಿ ನಡೆಯಬೇಕಾದರೆ, ಹೊಗಳಿದವರು ಎರಡನೆಯ ಬಾರಿ ಒತ್ತಿ ಹೇಳಬೇಕು. ‘ಇಲ್ಲವ್ವ, ಖರೇನೇ ಛಲೋ ಆಗ್ಯಾದ’ ಎಂಬ ಆ ಎರಡನೆಯ ಮಾತೇ ಈ ಪದ್ಧತಿಯ ನಿಜವಾದ ತಿರುಳು. ಅದು ಬಾರದಿದ್ದಲ್ಲಿ ವಿನಯ ಹೇಳಿದವರಿಗೆ ನಷ್ಟ ಮಾತ್ರ ಉಳಿಯುತ್ತದೆ.

ಅತಿಯಾದ ವಿನಯದ ಬಗ್ಗೆ ನಾಡಿಗೆ ಎಚ್ಚರವೂ ಇದೆ. ‘ತುಂಬಿದ ಕೊಡ ತುಳುಕುವುದಿಲ್ಲ’ ಎನ್ನುವ ಜನವೇ ‘ಅತಿ ವಿನಯಂ ಧೂರ್ತ ಲಕ್ಷಣಂ’ ಎಂದೂ ಹೇಳುತ್ತದೆ.

ಸಂದರ್ಶನದ ಕೋಣೆಯಲ್ಲಿ

ಈ ಪದ್ಧತಿ ಇಂದು ಹೆಚ್ಚು ಪರೀಕ್ಷೆಗೆ ಒಳಗಾಗುವುದು ಉದ್ಯೋಗ ಸಂದರ್ಶನಗಳಲ್ಲಿ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನದ 371(ಜೆ) ವಿಧಿಯಡಿ ವಿಶೇಷ ಸ್ಥಾನಮಾನ ದೊರೆತ ನಂತರ ಶಿಕ್ಷಣ ಮತ್ತು ಸರ್ಕಾರಿ ನೇಮಕಾತಿಯಲ್ಲಿ ಮೀಸಲಾತಿ ಲಭಿಸಿದೆ. ಆದರೆ ಖಾಸಗಿ ಕಂಪನಿಗಳ ಸಂದರ್ಶನದಲ್ಲಿ ಅಭ್ಯರ್ಥಿಯ ಮಾತೇ ಮುಖ್ಯ. ‘ನಿಮ್ಮ ಪ್ರಾಜೆಕ್ಟ್ ಬಹಳ ಚೆನ್ನಾಗಿದೆ’ ಎಂದು ಸಂದರ್ಶಕರು ಹೇಳಿದಾಗ, ‘ನಂದೇನಿಲ್ಲ ಸರ್, ಗೈಡ್ ಮಾಡಿಸಿದರು’ ಎಂಬ ಉತ್ತರ ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ಸಂಸ್ಕಾರದ ಲಕ್ಷಣ. ಬೇರೆ ಪದ್ಧತಿಯಲ್ಲಿ ಬೆಳೆದ ಸಂದರ್ಶಕರು ಅದನ್ನು ತಪ್ಪೊಪ್ಪಿಗೆ ಎಂದು ಬರೆದುಕೊಳ್ಳುವ ಸಾಧ್ಯತೆ ಇದೆ. ಅಲ್ಲಿ ಎರಡನೆಯ ಬಾರಿ ಒತ್ತಿ ಹೇಳುವವರು ಯಾರೂ ಇರುವುದಿಲ್ಲ.

ವಿನಯವನ್ನು ಬಿಟ್ಟುಕೊಡದೆ ಈ ತೊಡಕಿನಿಂದ ಪಾರಾಗಲು ದಾರಿಗಳಿವೆ. ಮೊದಲು ಹೊಗಳಿಕೆಯನ್ನು ಧನ್ಯವಾದದೊಂದಿಗೆ ಸ್ವೀಕರಿಸಬೇಕು. ನಂತರ ತಾನು ಮಾಡಿದ ಕೆಲಸವನ್ನು ವಿಶೇಷಣಗಳಿಲ್ಲದೆ ಸಂಗತಿಯಾಗಿ ಹೇಳಬೇಕು: ‘ದತ್ತಾಂಶ ಸಂಗ್ರಹ ಮತ್ತು ವಿಶ್ಲೇಷಣೆ ನಾನು ಮಾಡಿದೆ.’ ಆಮೇಲೆ ಇತರರ ನೆರವನ್ನು ನಿರ್ದಿಷ್ಟವಾಗಿ ನೆನೆಯಬೇಕು: ‘ವಿಧಾನ ಆರಿಸುವಲ್ಲಿ ಮಾರ್ಗದರ್ಶಕರ ಸಲಹೆ ಸಿಕ್ಕಿತು.’ ಇಲ್ಲಿ ಸುಳ್ಳೂ ಇಲ್ಲ, ಜಂಬವೂ ಇಲ್ಲ. ಯಾರ ಪಾಲೆಷ್ಟು ಎಂಬುದು ಕೇಳಿದವರಿಗೆ ತಿಳಿಯುತ್ತದೆ.

ಬದಲಾದ ಶಿಯಾನ್

ಇಂಥ ರೂಢಿಗಳು ಶಾಶ್ವತ ಎಂದು ತಿಳಿಯಬೇಕಿಲ್ಲ. ಭಾಷಾವಿಜ್ಞಾನಿ ರಾಂಗ್ ಚೆನ್ ಅವರು ಚೀನಾದ ಶಿಯಾನ್ ನಗರದ ವಿದ್ಯಾರ್ಥಿಗಳ ಉತ್ತರಗಳನ್ನು ಆಧರಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ 95ಕ್ಕೂ ಹೆಚ್ಚು ಉತ್ತರಗಳು ಹೊಗಳಿಕೆಯನ್ನು ನಿರಾಕರಿಸುವಂಥವಾಗಿದ್ದವು. ಅದೇ ನಗರದಲ್ಲಿ ಅವರು ದಾಫು ಯಾಂಗ್ ಜತೆ ಮತ್ತೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಿತ್ರ ತಿರುಗುಮುರುಗಾಗಿತ್ತು. ಶೇ 62ಕ್ಕೂ ಹೆಚ್ಚು ಉತ್ತರಗಳು ಸ್ವೀಕಾರದವು. ನಿರಾಕರಣೆ ಶೇ 10ಕ್ಕಿಂತ ಕೆಳಗಿಳಿದಿತ್ತು. ಹೊರಜಗತ್ತಿಗೆ ನಗರ ತೆರೆದುಕೊಂಡದ್ದು, ಪಾಶ್ಚಾತ್ಯ ಸಂಸ್ಕೃತಿಯ ಸಂಪರ್ಕ ಹೆಚ್ಚಿದ್ದು ಇದಕ್ಕೆ ಕಾರಣ ಎಂದು ಸಂಶೋಧಕರು ಅಭಿಪ್ರಾಯಪಟ್ಟರು. ಎರಡು ದಶಕಕ್ಕೂ ಕಡಿಮೆ ಅವಧಿಯಲ್ಲಿ ಆದ ಬದಲಾವಣೆ ಇದು.

ಕಲಬುರಗಿಯಲ್ಲಿಯೂ ಹೊಸ ತಲೆಮಾರು ‘ಥ್ಯಾಂಕ್ಸ್’ ಎಂಬ ಒಂದೇ ಪದದಿಂದ ಮಾತು ಮುಗಿಸುವುದನ್ನು ಕಲಿತಿದೆ. ಆದರೂ ಸಾರ್ವಜನಿಕ ವೇದಿಕೆಯಲ್ಲಿ ಹಳೆಯ ಪದ್ಧತಿ ಗಟ್ಟಿಯಾಗಿಯೇ ಇದೆ. 2020ರ ಫೆಬ್ರುವರಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಸೇಡಂ ರಸ್ತೆ ನಾಡಿನ ಸಾಹಿತ್ಯಾಸಕ್ತರಿಂದ ತುಂಬಿತ್ತು. ಅಂಥ ದೊಡ್ಡ ಸಮ್ಮೇಳನವಿರಲಿ, ಓಣಿಯ ಗಣೇಶೋತ್ಸವದ ಪುಟ್ಟ ವೇದಿಕೆಯಿರಲಿ, ಶಾಲು ಹೊದಿಸಿ ಹಾರ ಹಾಕಿಸಿಕೊಂಡವರು ಮೊದಲು ಹೇಳುವುದು ‘ಈ ಸನ್ಮಾನ ನನಗೆ ಸಂದದ್ದಲ್ಲ’ ಎಂದೇ. ಸಭಿಕರು ಆಗ ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆಯ ಅರ್ಥ ‘ಇಲ್ಲ, ನಿಮಗೇ ಸಂದದ್ದು’ ಎಂಬುದು ವೇದಿಕೆಯ ಮೇಲಿನವರಿಗೂ ಕೆಳಗಿನವರಿಗೂ ಗೊತ್ತಿರುತ್ತದೆ.

ಆಸ್ಪತ್ರೆಯ ಬಾಗಿಲಲ್ಲಿ ನಿಂತ ಬಂಧುಗಳೂ ವೈದ್ಯರ ಮಾತನ್ನು ಹಾಗೆಯೇ ಬಿಡುವುದಿಲ್ಲ. ‘ಮ್ಯಾಲಿನಾಂವ ಅದಾನ ಖರೇ, ಆದ್ರ ನಮ್ಮ ಕಣ್ಣಿಗಿ ಕಂಡಾಂವ ನೀವೇರೀ’ ಎಂದು ಕೈಮುಗಿದೇ ಆಟೊ ಹತ್ತುತ್ತಾರೆ.